ನಗರದ ಕೊಳಚೆ ನೀರಿನ ಶುದ್ಧೀಕರಣ ಮತ್ತು ಸಣ್ಣ ಕೈಗಾರಿಕೆಗಳ ಹೊಣೆ

ನಗರದ ಕೊಳಚೆ ನೀರನ್ನು ಶುದ್ಧೀಕರಿಸಿ ನದಿಗೆ ಬಿಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಆದರೆ ಆ ಕಾರ್ಯದ ಯಶಸ್ಸು ಒಳಚರಂಡಿಗೆ ಏನು ಸೇರುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಒಳಚರಂಡಿ ಸಂಪರ್ಕವುಳ್ಳ ಸಣ್ಣ ಉದ್ಯಮಿಗಳು ಈ ವಿಷಯವನ್ನು ತಾಂತ್ರಿಕವಾಗಿಯೂ ಲೆಕ್ಕಪತ್ರದ ದೃಷ್ಟಿಯಿಂದಲೂ ಅರಿತಿರುವುದು ಅವಶ್ಯಕ.

ಸಮಸ್ಯೆಯ ಗಾತ್ರ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ, ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಉತ್ಪತ್ತಿಯಾಗುತ್ತಿತ್ತು. ಸ್ಥಾಪಿತ ಶುದ್ಧೀಕರಣ ಸಾಮರ್ಥ್ಯ 31,841 ದಶಲಕ್ಷ ಲೀಟರ್. ವಾಸ್ತವವಾಗಿ ಶುದ್ಧೀಕರಣಗೊಂಡದ್ದು 20,235 ದಶಲಕ್ಷ ಲೀಟರ್, ಅಂದರೆ ಸುಮಾರು ಶೇ. 28 ಮಾತ್ರ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತ ವೃಷಭಾವತಿಯು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾರ್ಖಾನೆಯ ಹಿತ್ತಿಲ ಮೋರಿಯ ನೀರು ಅಲ್ಲಿಗೇ ನಿಲ್ಲುವುದಿಲ್ಲ.

ಸ್ಥಾವರದ ಕಾರ್ಯವಿಧಾನ

ಶುದ್ಧೀಕರಣ ಸ್ಥಾವರದಲ್ಲಿ ಮೊದಲು ಜಾಲರಿಯಿಂದ ಕಸವನ್ನೂ ನಂತರ ಮರಳನ್ನೂ ಬೇರ್ಪಡಿಸಿ, ನೀರನ್ನು ತಿಳಿಗೊಳಿಸುತ್ತಾರೆ. ಬಳಿಕ ಗಾಳಿಯೂಡುವ ತೊಟ್ಟಿಯಲ್ಲಿ ಸೂಕ್ಷ್ಮಾಣುಜೀವಿಗಳು ಕರಗಿದ ಸಾವಯವ ಕೊಳೆಯನ್ನು ತಿಂದು ಕಡಿಮೆ ಮಾಡುತ್ತವೆ. ಸ್ಥಾವರದ ನಿಜವಾದ ಕೆಲಸಗಾರರು ಈ ಜೀವಿಗಳೇ. ಎಲೆಕ್ಟ್ರೋಪ್ಲೇಟಿಂಗ್ ಘಟಕದ ಕ್ರೋಮಿಯಂ, ಸೈನೈಡ್ ಅಥವಾ ಆಮ್ಲ ಹೆಚ್ಚಾಗಿ ಬಂದರೆ ಅವು ಸಾಯುತ್ತವೆ; ಆಗ ಮನೆಗಳ ಕೊಳಚೆಯೂ ಶುದ್ಧವಾಗದೆ ನದಿಗೆ ಹೋಗುತ್ತದೆ. ಲೋಹಗಳು ಕೊಳೆತು ಹೋಗುವಂಥವಲ್ಲ. ಅವು ಕೆಸರಿನಲ್ಲಿ ಸೇರಿ, ಗೊಬ್ಬರವಾಗಬಹುದಾಗಿದ್ದ ಆ ಕೆಸರನ್ನೂ ಕೆಡಿಸುತ್ತವೆ.

ಆದ್ದರಿಂದಲೇ 1986ರ ಪರಿಸರ (ಸಂರಕ್ಷಣೆ) ನಿಯಮಗಳ ಸಾಮಾನ್ಯ ಮಾನದಂಡಗಳು ಒಳಚರಂಡಿಗೆ ಬಿಡುವ ನೀರಿಗೂ ಮಿತಿ ವಿಧಿಸಿವೆ: ಪಿ.ಹೆಚ್. 5.5ರಿಂದ 9.0, ಲೀಟರಿಗೆ ಎಣ್ಣೆ ಮತ್ತು ಜಿಡ್ಡು 20 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ.

ಕಾನೂನಿನ ಸ್ಥಿತಿ

1974ರ ಜಲ ಕಾಯಿದೆಯ 25ನೆಯ ಕಲಮಿನಂತೆ ತ್ಯಾಜ್ಯ ನೀರನ್ನು ಹೊರಬಿಡಲು ಮಂಡಳಿಯ ಸಮ್ಮತಿ ಬೇಕು. 33ಎ ಕಲಮಿನಂತೆ ಘಟಕವನ್ನು ಮುಚ್ಚಿಸುವ, ವಿದ್ಯುತ್ ಮತ್ತು ನೀರಿನ ಸರಬರಾಜನ್ನು ನಿಲ್ಲಿಸುವ ಅಧಿಕಾರ ಮಂಡಳಿಗಿದೆ. 2017ರ ಫೆಬ್ರವರಿ 22ರಂದು ಸರ್ವೋಚ್ಚ ನ್ಯಾಯಾಲಯವು, ಸಮ್ಮತಿ ಅಗತ್ಯವಿರುವ ಘಟಕಗಳು ಪ್ರಾಥಮಿಕ ಶುದ್ಧೀಕರಣ ಸ್ಥಾವರ ಚಾಲನೆಯಲ್ಲಿದ್ದರೆ ಮಾತ್ರ ಕೆಲಸ ಮಾಡತಕ್ಕದ್ದೆಂದು ಆದೇಶಿಸಿತು.

ಖರ್ಚಿನ ಲೆಕ್ಕ

ಶುದ್ಧೀಕರಣವನ್ನು ದಂಡಖರ್ಚೆಂದು ಭಾವಿಸುವುದು ಸರಿಯಲ್ಲ. ರಾಸಾಯನಿಕ, ವಿದ್ಯುತ್ ಮತ್ತು ಕೆಸರು ವಿಲೇವಾರಿಯ ವೆಚ್ಚಗಳು ವ್ಯವಹಾರದ ರಾಜಸ್ವ ವೆಚ್ಚಗಳು. ನಿಯಮಗಳ ಪಟ್ಟಿಯಲ್ಲಿರುವ ಜಲಮಾಲಿನ್ಯ ನಿಯಂತ್ರಣ ಉಪಕರಣಗಳಿಗೆ ಹಿಂದೆ ಶೇ. 100 ಇದ್ದ ಸವಕಳಿ ದರವನ್ನು 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಸಲಾಯಿತು, ಆದರೂ ಸಾಮಾನ್ಯ ಯಂತ್ರಗಳ ಶೇ. 15ಕ್ಕಿಂತ ಅದು ಹೆಚ್ಚೇ. ಇವುಗಳನ್ನು ಯಂತ್ರೋಪಕರಣಗಳ ಖಾತೆಯಲ್ಲಿ ಬೆರೆಸಿ ಬರೆದರೆ ಈ ಸವಲತ್ತು ಕೈತಪ್ಪುವ ಸಂಭವವಿದೆ. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನಾದರೋ ಆದಾಯ ತೆರಿಗೆಯಲ್ಲಿ ವೆಚ್ಚವೆಂದು ಒಪ್ಪುವುದಿಲ್ಲ. ಘಟಕ ಮುಚ್ಚಿದ ದಿನಗಳಲ್ಲಿಯೂ ಬಾಡಿಗೆ ಮತ್ತು ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ.

ಪಾಲಿಸಬೇಕಾದ ಕ್ರಮಗಳು

1. ಶೌಚಾಲಯದ ನೀರಿಗೂ ಉತ್ಪಾದನೆಯ ನೀರಿಗೂ ಪ್ರತ್ಯೇಕ ಕೊಳವೆಗಳಿರಲಿ.
2. ಸೈನೈಡ್ ನೀರನ್ನು ಆಮ್ಲದ ನೀರಿನೊಡನೆ ಎಂದಿಗೂ ಬೆರೆಸಬಾರದು. ಪ್ರಾಣಾಂತಕ ವಿಷಾನಿಲ ಹುಟ್ಟುತ್ತದೆ.
3. ಷಡ್ವೇಲೆನ್ಸಿಯ ಕ್ರೋಮಿಯಂ ಅನ್ನು ಸೋಡಿಯಂ ಮೆಟಾಬೈಸಲ್ಫೈಟ್‌ನಿಂದ ಪರಿವರ್ತಿಸಿ, ಸುಣ್ಣ ಹಾಕಿ ತಳಕ್ಕಿಳಿಸಬೇಕು. ಈ ಕೆಸರು ಅಪಾಯಕಾರಿ ತ್ಯಾಜ್ಯ. ಅಧಿಕೃತ ಸಂಸ್ಥೆಗೇ ಒಪ್ಪಿಸಿ ರಸೀತಿ ಪಡೆಯಬೇಕು.
4. ಪ್ರತಿದಿನದ ಪಿ.ಹೆಚ್., ನೀರಿನ ಪ್ರಮಾಣ ಹಾಗೂ ರಾಸಾಯನಿಕದ ಬಳಕೆಯನ್ನು ಪುಸ್ತಕದಲ್ಲಿ ದಾಖಲಿಸಬೇಕು.
5. ಸಮ್ಮತಿಯ ಅವಧಿ ಮುಗಿಯುವ ದಿನಾಂಕವನ್ನು ತೆರಿಗೆ ಕಂತುಗಳ ದಿನಾಂಕಗಳ ಜೊತೆಯಲ್ಲೇ ಗುರುತಿಸಿಟ್ಟುಕೊಳ್ಳಬೇಕು.

ಸ್ವಂತವಾಗಿ ಸ್ಥಾವರ ಹೂಡಲು ಶಕ್ತಿಯಿಲ್ಲದ ಘಟಕಗಳು ಒಟ್ಟುಗೂಡಿ ಸಾಮೂಹಿಕ ಶುದ್ಧೀಕರಣ ಸ್ಥಾವರದ ಸದಸ್ಯತ್ವ ಪಡೆಯಬಹುದು. ಯಾವ ಮಾರ್ಗ ಹಿಡಿದರೂ, ನಗರದ ಸ್ಥಾವರವು ಮನೆಗಳ ಕೊಳಚೆಗಾಗಿ ಕಟ್ಟಿದ್ದು ಎಂಬುದನ್ನು ಮರೆಯುವಂತಿಲ್ಲ. ಕಾರ್ಖಾನೆಯ ವಿಷವನ್ನು ಕಾರ್ಖಾನೆಯಲ್ಲೇ ತಡೆದರೆ ಮಾತ್ರ ಆ ಸ್ಥಾವರವೂ ಅದರಾಚೆಯ ನದಿಯೂ ಉಳಿಯುತ್ತವೆ.