ಎಟಿವಿ ಹತ್ತಿಸುವ ಮುನ್ನ

ಮಳೆಗಾಲ ಮುಗಿದು ಪೆಂಚ್, ತಾಡೋಬಾ ಸಫಾರಿ ಶುರುವಾಯಿತೆಂದರೆ ನಾಗಪುರದ ನಮ್ಮ ಕನ್ನಡ ಮನೆಗಳಿಗೆ ಊರಿಂದ ನೆಂಟರು ಬರುತ್ತಾರೆ. ಮಕ್ಕಳಿಗೆ ಜಿಪ್ಸಿ ಸುತ್ತಾಟ ಸಾಲದು, ರೆಸಾರ್ಟಿನಲ್ಲಿ ಎಟಿವಿ ಕಂಡರೆ ಅದೂ ಬೇಕು. ದಪ್ಪ ಚಕ್ರದ ಗಾಡಿಗಳೆಲ್ಲ ಅವರ ಕಣ್ಣಿಗೆ ಒಂದೇ. ದೊಡ್ಡವರು ಮಾತ್ರ ವ್ಯತ್ಯಾಸ ತಿಳಿದಿರಬೇಕು.

ಎಟಿವಿಗೆ ಬೈಕಿನಂತೆ ಹ್ಯಾಂಡಲ್, ನಾಲ್ಕು ಚಕ್ರ. ನಾಲ್ಕು ಚಕ್ರವಿದೆ, ಬೀಳುವುದಿಲ್ಲ ಎಂಬ ಧೈರ್ಯವೇ ಅಪಾಯ. ತಿರುವಿನಲ್ಲಿ, ಇಳಿಜಾರಿನಲ್ಲಿ ಸವಾರ ಮೈಭಾರವನ್ನು ಅತ್ತಿತ್ತ ಸರಿಸಬೇಕು. ಸೀಟು ಉದ್ದವಾಗಿರುವುದು ಅದಕ್ಕೇ, ಇನ್ನೊಬ್ಬರನ್ನು ಕೂರಿಸಲು ಅಲ್ಲ. ಮಗುವನ್ನು ಮುಂದೆ ಕೂರಿಸಿಕೊಂಡ ಅಪ್ಪನಿಗೆ ಹೀಗೆ ಸರಿಯಲು ಜಾಗವೇ ಇರುವುದಿಲ್ಲ. ಎರಡು ಮೂರು ಕ್ವಿಂಟಲ್ ತೂಗುವ ಗಾಡಿ ಮಗುಚಿದರೆ ಕೆಳಗೆ ಸಿಗುವುದು ಮಗು. ವಿದರ್ಭದ ಎರೆಮಣ್ಣು ನೆನೆದಿದ್ದರಂತೂ ಜಾರುವುದು ಖಂಡಿತ. ಹದಿನಾರು ತುಂಬದವರು ಎಟಿವಿ ಓಡಿಸುವುದೂ ಬೇಡ, ಅದರಲ್ಲಿ ಕೂರುವುದೂ ಬೇಡ ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ನನ್ನ ಸಲಹೆಯೂ ಅದೇ.

ಮಕ್ಕಳಿಗೆಂದೇ ಮಾಡಿದ ಪುಟ್ಟ ಎಟಿವಿಗಳೂ ಇವೆ. ಮಗು ಹಟ ಹಿಡಿದು, ನೀವೂ ಒಪ್ಪುವುದಾದರೆ ಮೊದಲು ಕೂರಿಸಿ ನೋಡಿ: ಪಾದ ಮೆಟ್ಟಿಲಿಗೆ ಎಟುಕಬೇಕು, ಬೆರಳು ಬ್ರೇಕ್ ಹಿಡಿಯಬೇಕು. ವೇಗಕ್ಕೆ ಕಡಿವಾಣ ಹಾಕಿದ್ದಾರೆಯೇ, ಎಂಜಿನ್ ತಕ್ಷಣ ಆಫ್ ಮಾಡುವ ಹಗ್ಗ ಸಿಬ್ಬಂದಿಯ ಕೈಯಲ್ಲಿದೆಯೇ ಎಂದು ಕೇಳಿ. ಸೆಖೆಯೆಂದು ಹೆಲ್ಮೆಟ್ ತೆಗೆಯಲು ಬಿಡಬೇಡಿ.

ಯುಟಿವಿ ಬೇರೆಯೇ ಜಾತಿ. ಕಾರಿನಂತೆ ಸ್ಟೀರಿಂಗ್, ಪೆಡಲ್, ಅಕ್ಕಪಕ್ಕ ಸೀಟು, ಬೆಲ್ಟ್, ತಲೆಯ ಮೇಲೆ ಕಬ್ಬಿಣದ ಪಂಜರ. ತೋಟದಲ್ಲಿ ಸಾಮಾನು ಹೊರುವ ಕೆಲಸಕ್ಕೂ ಬಳಸುತ್ತಾರೆ. ಪಂಜರ ಕಾಪಾಡುವುದು ಬೆಲ್ಟ್ ಹಾಕಿದವರನ್ನು ಮಾತ್ರ. ಬೆನ್ನು ಸೀಟಿಗೆ ಒರಗಿದಾಗ ಪಾದ ನೆಲಕ್ಕೆ ತಾಗದ ಮಗುವಿಗೆ ಆ ಬೆಲ್ಟ್ ಸರಿಯಾಗಿ ಕೂರುವುದಿಲ್ಲ. ಎರಡು ಚಕ್ರದ ಡರ್ಟ್ ಬೈಕ್ ಆದರೋ ತರಬೇತಿ ಪಡೆದವರದು, ರಜೆಯ ಮಜಾಕ್ಕಲ್ಲ.

ಇನ್ನು ಜಿಪ್ಸಿ. ಮಾರುತಿ 1985ರಲ್ಲಿ ತಂದು 2019ರಲ್ಲಿ ನಿಲ್ಲಿಸಿದ ಈ ಗಾಡಿ ಕಾಡಿನ ದಾರಿಯಲ್ಲಿ ನಿಧಾನವಾಗಿ ಹೋಗುವವರೆಗೂ ಸುರಕ್ಷಿತ. ಹುಲಿ ಕಂಡಾಗ ಮಗು ಸೀಟಿನ ಮೇಲೆ ನಿಲ್ಲದಂತೆ ಸೊಂಟ ಹಿಡಿದುಕೊಳ್ಳಿ.

ಕೊನೆಯದಾಗಿ, ಯಾವ ಗಾಡಿಯನ್ನಾದರೂ ಅಪ್ರಾಪ್ತರ ಕೈಗೆ ಕೊಟ್ಟು ರಸ್ತೆಗೆ ಬಿಡಬೇಡಿ. ಅವರು ಅಪರಾಧ ಎಸಗಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.