ಸಿಗ್ರಿಡ್ ಉಂಡ್ಸೆಟ್: ಪಾಪವನ್ನು ಮುಚ್ಚಿಡದ ಲೇಖನಿ



ನಾರ್ವೆ ದೇಶದ ಲೇಖಕ ಯೂನ್ ಫೊಸ್ಸೆ ಅವರಿಗೆ 2023ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. ಅವರು ಐವತ್ತು ದಾಟಿದ ಮೇಲೆ ಕಥೋಲಿಕ ಧರ್ಮಸಭೆಗೆ ಬಂದವರು. ಆದರೆ ಅವರಿಗಿಂತ 95 ವರ್ಷಗಳ ಹಿಂದೆಯೇ ಅದೇ ನಾಡಿನ ಒಬ್ಬ ಮಹಿಳೆ ಇದೇ ಹಾದಿಯಲ್ಲಿ ನಡೆದಿದ್ದರು. ಆಕೆಯೇ 1928ರ ನೊಬೆಲ್ ಪುರಸ್ಕೃತೆ, ಕಾದಂಬರಿಗಾರ್ತಿ ಸಿಗ್ರಿಡ್ ಉಂಡ್ಸೆಟ್.

ಅವರ ಹೆಸರು ಬಂದಾಗಲೆಲ್ಲ ಒಂದು ಪ್ರಶ್ನೆಯೂ ಏಳುತ್ತದೆ. ಅವರ ಕಾದಂಬರಿಗಳಲ್ಲಿ ಹಟಮಾರಿತನವಿದೆ, ದಾಂಪತ್ಯದ್ರೋಹವಿದೆ, ವರ್ಷಗಟ್ಟಲೆ ಕರಗದ ಮನಸ್ತಾಪವಿದೆ. ವಿಶ್ವಾಸಿಯಾದವರು ಇಂಥದ್ದನ್ನು ಬರೆಯಬಹುದೇ? ನಾವು ಓದಬಹುದೇ? ಸಂತರ ಚರಿತ್ರೆಯೊಂದಿದ್ದರೆ ಸಾಲದೇ? ಈ ವಾರ ಇದನ್ನು ಕುರಿತು ಸ್ವಲ್ಪ ಆಲೋಚಿಸೋಣ.

ಕಷ್ಟದಲ್ಲಿ ಬೆಳೆದ ಬದುಕು

ಉಂಡ್ಸೆಟ್ ಹುಟ್ಟಿದ್ದು 1882ರಲ್ಲಿ, ಡೆನ್ಮಾರ್ಕಿನಲ್ಲಿ. ಬೆಳೆದದ್ದು ನಾರ್ವೆಯ ರಾಜಧಾನಿಯಲ್ಲಿ. ತಂದೆ ಪುರಾತತ್ವ ವಿದ್ವಾಂಸರು. ಹಳೆಯ ಕಾಲದ ಜನಜೀವನದ ಮೇಲಿನ ಪ್ರೀತಿ ಮಗಳಿಗೆ ಬಂದದ್ದು ಅವರಿಂದಲೇ. ಧರ್ಮಶ್ರದ್ಧೆಗೆ ಆ ಮನೆಯಲ್ಲಿ ಹೆಚ್ಚು ಸ್ಥಳವಿರಲಿಲ್ಲ. ಸಿಗ್ರಿಡ್‌ಗೆ 11 ವರ್ಷವಾದಾಗ ತಂದೆ ತೀರಿಕೊಂಡರು. ಮೂವರು ಹೆಣ್ಣುಮಕ್ಕಳೊಡನೆ ತಾಯಿ ಒಬ್ಬಂಟಿಯಾದರು. ಹಿರಿಯ ಮಗಳಾದ ಸಿಗ್ರಿಡ್ 16ನೇ ವಯಸ್ಸಿಗೇ ಕಚೇರಿ ಕೆಲಸಕ್ಕೆ ಸೇರಿ, ಹತ್ತು ವರ್ಷ ಅಲ್ಲಿ ದುಡಿದರು. ಬರವಣಿಗೆಗೆ ಉಳಿದದ್ದು ರಾತ್ರಿಯ ಹೊತ್ತು ಮಾತ್ರ. 1907ರಲ್ಲಿ ಮೊದಲ ಕಾದಂಬರಿ ಹೊರಬಂತು.

1912ರಲ್ಲಿ ಅವರು ಸ್ವಾರ್ಸ್ತಾಡ್ ಎಂಬ ಚಿತ್ರಕಾರರನ್ನು ಮದುವೆಯಾದರು. ಆತ ಮೊದಲ ಪತ್ನಿಯಿಂದ ವಿಚ್ಛೇದನ ಪಡೆದವರು, ಮೂವರು ಮಕ್ಕಳ ತಂದೆ. ಈ ದಂಪತಿಗೂ ಮೂವರು ಮಕ್ಕಳಾದರು. ಎರಡನೆಯವಳು ಬುದ್ಧಿಮಾಂದ್ಯ ಮಗು. ದಾಂಪತ್ಯ ಹೆಚ್ಚು ಕಾಲ ಉಳಿಯಲಿಲ್ಲ. 1919ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅವರು ಲಿಲ್ಲೆಹಾಮರ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿದರು. ಅಲ್ಲಿ, ಮಕ್ಕಳ ಪಾಲನೆಯ ನಡುವೆಯೇ, ಅವರ ಮಹಾಕೃತಿ ಸಿದ್ಧವಾಯಿತು.

ಕ್ರಿಸ್ಟಿನಳ ಕಥೆ

'ಕ್ರಿಸ್ಟಿನ್ ಲಾವ್ರಾನ್ಸ್‌ದಾತ್ತರ್' ಎಂದರೆ ಲಾವ್ರಾನ್ಸನ ಮಗಳು ಕ್ರಿಸ್ಟಿನ್. ಇದು 1920ರಿಂದ 1922ರವರೆಗೆ ಮೂರು ಸಂಪುಟಗಳಲ್ಲಿ ಬಂತು. ಕಥೆ ನಡೆಯುವುದು 14ನೇ ಶತಮಾನದಲ್ಲಿ, ನಾರ್ವೆಯೆಲ್ಲ ಕಥೋಲಿಕವಾಗಿದ್ದ ಕಾಲದಲ್ಲಿ.

ಕ್ರಿಸ್ಟಿನ್ ಸದ್ಗುಣಿಯಾದ ತಂದೆಯ ಮುದ್ದಿನ ಮಗಳು. ಯೋಗ್ಯನಾದ ಸಿಮೋನ್ ಎಂಬವನೊಡನೆ ಆಕೆಯ ನಿಶ್ಚಿತಾರ್ಥವಾಗಿದೆ. ಅದನ್ನು ಮುರಿದು, ಎರ್ಲೆಂಡ್ ಎಂಬ ಚಂಚಲ ಸ್ವಭಾವದವನನ್ನು ಹಟ ಹಿಡಿದು ಮದುವೆಯಾಗುತ್ತಾಳೆ. ಮದುವೆಯ ದಿನ ಕನ್ಯೆಯರು ತೊಡುವ ಕಿರೀಟ ಅವಳ ತಲೆಯ ಮೇಲಿದೆ. ಆದರೆ ಅವಳು ಆಗಲೇ ಬಸುರಿ. ತಂದೆಗೆ ಅದು ಗೊತ್ತಿಲ್ಲ. ಮುಂದೆ ಚೊಚ್ಚಲ ಮಗುವನ್ನು ಹೊತ್ತುಕೊಂಡು, ಬರಿಗಾಲಲ್ಲಿ ದೂರದ ನಿದಾರೋಸ್‌ಗೆ ನಡೆದು, ಆ ಕಿರೀಟವನ್ನು ಸಂತ ಓಲಾವರ ಸಮಾಧಿ ಸನ್ನಿಧಿಗೆ ಒಪ್ಪಿಸಿ ಬರುತ್ತಾಳೆ.

ಹಾಗೆಂದು ಅಲ್ಲಿಗೆ ಎಲ್ಲವೂ ಸರಿಹೋಗುವುದಿಲ್ಲ. ಕ್ರಿಸ್ಟಿನ್ ಪಾಪನಿವೇದನೆ ಮಾಡುತ್ತಾಳೆ, ಪ್ರಾರ್ಥಿಸುತ್ತಾಳೆ. ಆದರೂ ಗಂಡನ ಹಳೆಯ ತಪ್ಪುಗಳನ್ನು ಮನಸ್ಸಿನ ಮೂಲೆಯಲ್ಲಿ ಕೂಡಿಟ್ಟು, ಜಗಳ ಬಂದಾಗ ಒಂದೊಂದನ್ನೇ ಹೊರತೆಗೆಯುತ್ತಾಳೆ. ನಮ್ಮ ಮನೆಗಳಲ್ಲಿ ಇದು ನಡೆಯುವುದೇ ಇಲ್ಲವೇ? ಕ್ಷಮಿಸಿದ್ದೇನೆ ಎನ್ನುವ ಬಾಯಿ ಒಂದು, ಮರೆಯದ ಮನಸ್ಸು ಇನ್ನೊಂದು. ಈ ಬೇನೆಯನ್ನು ಉಂಡ್ಸೆಟ್ ಬಿಡಿಸಿ ತೋರಿಸಿರುವಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ.

ಕೊನೆಯಲ್ಲಿ ಮಹಾಮಾರಿ ಪ್ಲೇಗ್ ಬರುತ್ತದೆ. ವಿಧವೆಯಾಗಿ ಕನ್ಯಾಮಠ ಸೇರಿದ ಕ್ರಿಸ್ಟಿನ್, ರೋಗಕ್ಕೆ ಹೆದರಿದ ಜನ ಬಲಿ ಕೊಡಲು ಹೊರಟ ಪುಟ್ಟ ಅನಾಥ ಬಾಲಕನನ್ನು ಉಳಿಸುತ್ತಾಳೆ. ಯಾರೂ ಮುಟ್ಟಲು ಒಲ್ಲದ ಅವನ ತಾಯಿಯ ಶವವನ್ನು ಮಣ್ಣು ಮಾಡಲು ಹೊತ್ತು ತರುತ್ತಾಳೆ. ಆ ಸೋಂಕಿನಿಂದಲೇ ಮರಣಶಯ್ಯೆ ಸೇರುತ್ತಾಳೆ. ಆ ಬಡ ಹೆಂಗಸಿನ ಆತ್ಮಕ್ಕಾಗಿ ಪೂಜೆ ಅರ್ಪಿಸಲೆಂದು ತನ್ನ ಮದುವೆಯುಂಗುರವನ್ನು ಬಿಚ್ಚಿಕೊಡುತ್ತಾಳೆ. ಉಂಗುರ ಹೋದರೂ ಬೆರಳಲ್ಲಿ ಅದರ ಗುರುತು ಉಳಿದಿದೆ. ಅದು ಮಾತೆ ಮರಿಯಮ್ಮನವರ ಹೆಸರಿನ ಮೊದಲ ಅಕ್ಷರದ ಅಚ್ಚು. ಆಗ ಅವಳಿಗೆ ತಿಳಿಯುತ್ತದೆ: ತಾನು ಜೀವನವಿಡೀ ಹಟ ಹಿಡಿದು ಓಡಿದರೂ, ದೇವರು ತನ್ನನ್ನು ಕೈಬಿಟ್ಟಿರಲಿಲ್ಲ, ತನ್ನ ಸೇವಕಿಯಾಗಿಯೇ ಇರಿಸಿಕೊಂಡಿದ್ದರು.

ಪುಸ್ತಕ ಮೊದಲು, ಸಂಸ್ಕಾರ ಆಮೇಲೆ

ಒಂದು ಸಂಗತಿ ಗಮನಿಸಬೇಕು. ಈ ಪುಸ್ತಕಗಳನ್ನು ಬರೆಯುವಾಗ ಉಂಡ್ಸೆಟ್ ಇನ್ನೂ ಕಥೋಲಿಕರಾಗಿರಲಿಲ್ಲ. ಅವರು ಧರ್ಮಸಭೆಗೆ ಸೇರಿದ್ದು 1924ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ. ಮಧ್ಯಯುಗದ ಜನ ಹಬ್ಬ, ಉಪವಾಸ, ಪಾಪನಿವೇದನೆ, ಯಾತ್ರೆಗಳ ನಡುವೆ ಹೇಗೆ ಬದುಕಿದರೆಂದು ಪ್ರಾಮಾಣಿಕವಾಗಿ ಅಭ್ಯಸಿಸುತ್ತಾ ಹೋದಂತೆ, ಆ ಜನರ ವಿಶ್ವಾಸವೇ ಅವರನ್ನು ಸೆಳೆದುಕೊಂಡಿತು. ಸತ್ಯವನ್ನು ನಿಷ್ಠೆಯಿಂದ ಹುಡುಕುವವರನ್ನು ಸತ್ಯಸ್ವರೂಪನಾದ ದೇವರು ಬರಿಗೈಯಲ್ಲಿ ಕಳುಹಿಸುವುದಿಲ್ಲ.

ಈ ಹೆಜ್ಜೆ ಅಗ್ಗದ್ದಾಗಿರಲಿಲ್ಲ. ನಾರ್ವೆ ಲುಥೆರನ್ ನಾಡು. ಯೇಸುಸಭೆಯ ಗುರುಗಳು ಆ ದೇಶಕ್ಕೆ ಕಾಲಿಡಬಾರದೆಂಬ ನಿಷೇಧ ಅಲ್ಲಿನ ಸಂವಿಧಾನದಲ್ಲಿ 1956ರವರೆಗೂ ಇತ್ತು. ಅಂಥ ಕಡೆ ಪ್ರಖ್ಯಾತ ಲೇಖಕಿ ಕಥೋಲಿಕಳಾದದ್ದು ದೊಡ್ಡ ವಿವಾದವಾಯಿತು. ಮನೆಯೊಳಗೂ ಬೆಲೆ ತೆರಬೇಕಾಯಿತು. ಸ್ವಾರ್ಸ್ತಾಡರ ಮೊದಲ ಪತ್ನಿ ಬದುಕಿದ್ದುದರಿಂದ, ಧರ್ಮಸಭೆಯ ದೃಷ್ಟಿಯಲ್ಲಿ ಆ ವಿವಾಹ ಸಿಂಧುವಾಗಿರಲಿಲ್ಲ. ಉಂಡ್ಸೆಟ್ ಅದನ್ನು ಒಪ್ಪಿ, ಒಂಟಿಯಾಗಿಯೇ ಉಳಿದರು. ಮುಂದೆ ಸಂತ ದೊಮಿನಿಕರ ಮೂರನೇ ಸಭೆಯ ಸದಸ್ಯೆಯೂ ಆದರು.

ಪಾಪವನ್ನು ಏಕೆ ಬರೆಯಬೇಕು?

ಈಗ ನಮ್ಮ ಪ್ರಶ್ನೆಗೆ ಬರೋಣ. ಪವಿತ್ರ ಬೈಬಲ್ ಪಾಪವನ್ನು ಮುಚ್ಚಿಟ್ಟಿದೆಯೇ? ದಾವೀದ ಅರಸನ ವ್ಯಭಿಚಾರವನ್ನೂ ಕೊಲೆಯನ್ನೂ ಅದು ಬಚ್ಚಿಡಲಿಲ್ಲ. ಸಂತ ಮತ್ತಾಯರು ಯೇಸುಸ್ವಾಮಿಯ ವಂಶಾವಳಿಯಲ್ಲೇ ಊರೀಯನ ಹೆಂಡತಿಯನ್ನು ನೆನಪಿಸುತ್ತಾರೆ. ಸಂತ ಪೇತ್ರರು ಮೂರು ಬಾರಿ ಗುರುವನ್ನು ನಿರಾಕರಿಸಿದ್ದನ್ನು ನಾಲ್ಕೂ ಶುಭಸಂದೇಶಗಳು ಬರೆದಿಟ್ಟಿವೆ. ರೋಗವನ್ನು ಬಚ್ಚಿಟ್ಟವನಿಗೆ ಮದ್ದು ಕೊಡುವವರಾರು?

ಆದ್ದರಿಂದ ಪುಸ್ತಕದಲ್ಲಿ ಪಾಪ ಇದೆಯೇ ಎಂದು ಕೇಳಿದರೆ ಸಾಲದು. ಅದನ್ನು ಹೇಗೆ ತೋರಿಸಿದೆ ಎಂದು ಕೇಳಬೇಕು. ಕೆಲವು ಪುಸ್ತಕ, ಚಲನಚಿತ್ರಗಳು ಪಾಪದ ಸಿಹಿಯನ್ನಷ್ಟೇ ತೋರಿಸಿ, ಬೆಲೆಯ ಚೀಟಿಯನ್ನು ಮುಚ್ಚಿಡುತ್ತವೆ. ಉಂಡ್ಸೆಟ್ ಎರಡನ್ನೂ ತೋರಿಸುತ್ತಾರೆ. ಕ್ರಿಸ್ಟಿನಳ ತಪ್ಪಿನ ಭಾರ ಅವಳೊಬ್ಬಳ ಮೇಲೆ ಬೀಳುವುದಿಲ್ಲ. ತಂದೆಯ ಮೇಲೆ, ಸಿಮೋನನ ಮೇಲೆ, ಮಕ್ಕಳ ಮೇಲೆ ಬೀಳುತ್ತದೆ. ಜೊತೆಗೇ ಆ ಎಲ್ಲದರ ನಡುವೆ ವರಪ್ರಸಾದ ಸದ್ದಿಲ್ಲದೆ ಕೆಲಸ ಮಾಡುತ್ತದೆ. ದೈವಕೃಪೆಯು ಮಾನವ ಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಕ್ರಿಸ್ಟಿನಳ ಹಟ ಕೊನೆಗೆ ಅಳಿಯಲಿಲ್ಲ. ಬಾಲಕನನ್ನು ಉಳಿಸಲು ಕತ್ತಲಲ್ಲಿ ಹೊರಟದ್ದು ಅದೇ ಹಟ. ಆದರೆ ಈಗ ಅದು ಪ್ರೀತಿಗೆ ಸೇವಕನಾಗಿತ್ತು.

ಬಹುಮಾನದ ಹಣ ಹೋದದ್ದೆಲ್ಲಿಗೆ?

ಮಧ್ಯಯುಗದ ಬದುಕನ್ನು ಶಕ್ತಿಯುತವಾಗಿ ಚಿತ್ರಿಸಿದ್ದಕ್ಕೆ ಮುಖ್ಯವಾಗಿ ಈ ಪ್ರಶಸ್ತಿ ಎಂದು ನೊಬೆಲ್ ತೀರ್ಪುಗಾರರು ಹೇಳಿದರು. ಆ ದೊಡ್ಡ ಮೊತ್ತವನ್ನು ಉಂಡ್ಸೆಟ್ ತಮಗೆ ಇಟ್ಟುಕೊಳ್ಳಲಿಲ್ಲ. ಒಂದು ಪಾಲು ಬರಹಗಾರರ ಸಂಘಕ್ಕೆ, ಒಂದು ಪಾಲು ಬಡ ಕಥೋಲಿಕ ಮಕ್ಕಳ ವಿದ್ಯಾಭ್ಯಾಸಕ್ಕೆ. ಇನ್ನೊಂದು ಪಾಲು, ತಮ್ಮ ಮಗಳಂಥ ಬುದ್ಧಿಮಾಂದ್ಯ ಮಕ್ಕಳನ್ನು ಮನೆಯಲ್ಲೇ ಇಟ್ಟು ಸಾಕುವ ತಂದೆತಾಯಿಯರ ನೆರವಿಗೆ. ಆ ನಿಧಿಗೆ ಮಗಳ ಹೆಸರನ್ನೇ ಇಟ್ಟರು. 1940ರಲ್ಲಿ, ಯುದ್ಧದಿಂದ ನೊಂದ ಫಿನ್ಲೆಂಡಿನ ಸಹಾಯಕ್ಕಾಗಿ ನೊಬೆಲ್ ಪದಕವನ್ನೂ ಕೊಟ್ಟುಬಿಟ್ಟರು.

ಮಗಳು 1939ರಲ್ಲಿ ತೀರಿಕೊಂಡಳು. ಮರುವರ್ಷ ನಾಜಿ ಸೈನ್ಯ ನಾರ್ವೆಗೆ ನುಗ್ಗಿದಾಗ ಹಿರಿಯ ಮಗ ಯುದ್ಧದಲ್ಲಿ ಮಡಿದ. ಹಿಟ್ಲರನನ್ನು ಬಹಿರಂಗವಾಗಿ ಖಂಡಿಸಿದ್ದ ತಾಯಿ ದೇಶ ಬಿಟ್ಟು ಅಮೆರಿಕ ಸೇರಬೇಕಾಯಿತು. 1945ರಲ್ಲಿ ತಾಯ್ನಾಡಿಗೆ ಮರಳಿ, 1949ರಲ್ಲಿ ಲಿಲ್ಲೆಹಾಮರ್‌ನಲ್ಲಿ ಕಣ್ಮುಚ್ಚಿದರು.

ನೆಂಟರು ಬಂದಾಗ ಬುದ್ಧಿಮಾಂದ್ಯ ಮಗುವನ್ನು ಒಳಕೋಣೆಗೆ ಕಳುಹಿಸುವ ಮನೆಗಳು ಇಂದಿಗೂ ಇವೆ. ಲೋಕವೆಲ್ಲ ತನ್ನತ್ತ ನೋಡುತ್ತಿದ್ದ ಗಳಿಗೆಯಲ್ಲಿ ಈ ತಾಯಿ ತನ್ನ ಮಗಳ ಹೆಸರನ್ನು ಮುಂದಿಟ್ಟರು. ಕಾದಂಬರಿಯಲ್ಲಿ ಪಾಪವನ್ನು ಮುಚ್ಚಿಡದ ಕೈ, ಬದುಕಿನಲ್ಲಿ ನೋವನ್ನೂ ಮುಚ್ಚಿಡಲಿಲ್ಲ. ಬೆಳಕಿಗೆ ತಂದದ್ದನ್ನು ಮಾತ್ರ ದೇವರ ಕೈಗೆ ಒಪ್ಪಿಸಲು ಸಾಧ್ಯ.

ಕುಟುಂಬದಲ್ಲಿ ಕೂಡಿ ಆಲೋಚಿಸಲು:

1. ಕ್ಷಮಿಸಿದ್ದೇನೆ ಎಂದು ಹೇಳಿಯೂ ನಾನು ಇನ್ನೂ ಕೂಡಿಟ್ಟುಕೊಂಡಿರುವ ಹಳೆಯ ತಪ್ಪು ಯಾವುದು?

2. ನಮ್ಮ ಮನೆಯಲ್ಲಿ ಓದುವ, ನೋಡುವ ಕಥೆಗಳು ಪಾಪದ ಬೆಲೆಯನ್ನೂ ತೋರಿಸುತ್ತವೆಯೇ?

3. ನಮ್ಮ ಧರ್ಮಕೇಂದ್ರದಲ್ಲಿ ವಿಶೇಷ ಆರೈಕೆ ಬೇಕಾದ ಮಗುವಿರುವ ಮನೆಗೆ ಈ ವಾರ ನಾವು ಹೋಗಿ ಬರಬಹುದೇ?