ನೌಕರಿ ಹೋದರೂ ದಿನಚರಿ ಹೋಗದಿರಲಿ

ಆರೋಗ್ಯವನ್ನು ಕೆಡಿಸುವ ಕಾರಣಗಳನ್ನು ಎಣಿಸುವಾಗ ನಾವು ಆಹಾರ, ನೀರು, ಗಾಳಿ, ಸೋಂಕು, ದುಶ್ಚಟ ಇವುಗಳನ್ನು ಹೆಸರಿಸುತ್ತೇವೆ. ಇದ್ದಕ್ಕಿದ್ದಂತೆ ಕೆಲಸ ಹೋಗುವುದನ್ನು ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಅದು ಹಣಕಾಸಿನ ವಿಷಯವೆಂದೂ ವೈದ್ಯರಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ತಿಳಿಯುತ್ತೇವೆ. ಆದರೆ ನೌಕರಿ ಕಳೆದುಕೊಂಡವರ ಮನೆಯಲ್ಲಿ ಮೊದಲು ಕೆಡುವುದು ನಿದ್ರೆ, ಅನಂತರ ಹಸಿವು, ಆಮೇಲೆ ಮಾತು. ಉಳಿತಾಯದ ಹಣ ಕರಗುವುದಕ್ಕೆ ಮೊದಲೇ ದೇಹವು ಪೆಟ್ಟು ತಿಂದಿರುತ್ತದೆ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಈ ವಿಷಯವನ್ನೇ ವಿಚಾರಿಸೋಣ.

ನಮ್ಮ ಊರಿಗೆ ಇದು ಹೊಸತಲ್ಲ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಿರಿಯರಿಗೆ ಈ ಸಂಕಟ ಅಪರಿಚಿತವಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಇಂದು ಮಂತ್ರಿ ಮಾಲ್ ನಿಂತಿರುವ ನೆಲದಲ್ಲಿ ಹಿಂದೆ ರಾಜಾ ಮಿಲ್ ಇತ್ತು. ಬಿನ್ನಿ ಮಿಲ್ ಎಂದು ಊರೆಲ್ಲ ಕರೆಯುತ್ತಿದ್ದ ಬಟ್ಟೆ ಗಿರಣಿಯ ಮೂಲ ಸಂಸ್ಥೆ 1884ರಲ್ಲಿಯೇ ಆರಂಭವಾಗಿತ್ತು. ಮಿನರ್ವ ಮಿಲ್ಲಿನ ಆಡಳಿತವನ್ನು 1971ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. 1974ರ ಕಾಯಿದೆಯಿಂದ ಅದು ರಾಷ್ಟ್ರೀಕೃತವಾಯಿತು. ಆ ಕುರಿತು ಸುಪ್ರೀಂ ಕೋರ್ಟು 1980ರಲ್ಲಿ ಕೊಟ್ಟ ತೀರ್ಪನ್ನು ಕಾನೂನು ವಿದ್ಯಾರ್ಥಿಗಳೆಲ್ಲ ಇಂದಿಗೂ ಓದುತ್ತಾರೆ. ತೀರ್ಪಿನ ಹೆಸರು ಉಳಿಯಿತು, ಮಿಲ್ಲು ಉಳಿಯಲಿಲ್ಲ. 1953ರಲ್ಲಿ ಸ್ಥಾಪನೆಯಾಗಿ, 1961ರಿಂದ ಕೈಗಡಿಯಾರಗಳನ್ನೂ ತಯಾರಿಸಿ ದೇಶದ ಮನೆಮಾತಾಗಿದ್ದ ಎಚ್.ಎಂ.ಟಿ.ಯ ಗಡಿಯಾರ ಸಂಸ್ಥೆಯನ್ನು ಮುಚ್ಚುವ ನಿರ್ಧಾರ 2016ರ ಜನವರಿಯಲ್ಲಿ ಹೊರಬಿತ್ತು.

ಮಿಲ್ಲಿನ ಕೂಗಿಗೆ ಏಳುತ್ತಿದ್ದವರ ಮೊಮ್ಮಕ್ಕಳು ಈಗ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಾರೆ. ಅಲ್ಲಿಯೂ ಅದೇ ಕಥೆ. 2022ರ ನವೆಂಬರಿನಲ್ಲಿ ಮೆಟಾ ಸಂಸ್ಥೆ ಜಗತ್ತಿನಾದ್ಯಂತ ಸುಮಾರು 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ ಸುಮಾರು 12,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿದವು. ಅಂದು ಗಿರಣಿಯ ಬಾಗಿಲಲ್ಲಿ ನೋಟೀಸು ಅಂಟಿಸುತ್ತಿದ್ದರು. ಇಂದು ಒಂದು ಇ-ಮೇಲ್ ಬರುತ್ತದೆ. ಇಷ್ಟು ಜನರ ಕೆಲಸ ಏಕಕಾಲಕ್ಕೆ ಹೋಗುವಾಗ ಅದಕ್ಕೆ ಒಬ್ಬೊಬ್ಬರ ಅಯೋಗ್ಯತೆ ಕಾರಣವಾಗಿರಲಾರದು. ಮಾರುಕಟ್ಟೆ, ಯಂತ್ರ, ಆಡಳಿತದ ಲೆಕ್ಕಾಚಾರ ಇವುಗಳಿಂದ ಆದ ನಷ್ಟವನ್ನು ತನ್ನ ದೋಷವೆಂದು ಹೊತ್ತುಕೊಳ್ಳುವವನು ಇಲ್ಲದ ಹೊರೆಯನ್ನು ಹೊರುತ್ತಾನೆ.

ಸಂಬಳದ ಜೊತೆಗೆ ಹೋಗುವುದೇನು?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಆಸ್ಟ್ರಿಯಾ ದೇಶದ ಒಂದು ಚಿಕ್ಕ ಊರಿನಿಂದ ದೊರೆತಿದೆ. ವಿಯೆನ್ನಾ ನಗರದ ಸಮೀಪದ ಮರಿಯನ್‌ಥಾಲ್ ಎಂಬ ಊರು ಒಂದು ಬಟ್ಟೆ ಗಿರಣಿಯನ್ನೇ ನಂಬಿತ್ತು. ಸುಮಾರು 1930ರಲ್ಲಿ ಆ ಗಿರಣಿ ನಿಂತಿತು. ಹೆಚ್ಚುಕಡಿಮೆ ಇಡೀ ಊರು ನಿರುದ್ಯೋಗಿಯಾಯಿತು. ಮರಿ ಯಹೋಡ, ಪೌಲ್ ಲಾಜರ್ಸ್‌ಫೆಲ್ಡ್, ಹ್ಯಾನ್ಸ್ ಜೈಸೆಲ್ ಎಂಬ ವಿದ್ವಾಂಸರು ಸಂಗಡಿಗರೊಡನೆ ಅಲ್ಲಿನ ಜೀವನವನ್ನು ಹತ್ತಿರದಿಂದ ಅಭ್ಯಾಸ ಮಾಡಿ 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ಅವರಿಗೆ ಕಂಡದ್ದು ಆಶ್ಚರ್ಯಕರವಾಗಿತ್ತು. ಬಿಡುವು ಬೇಕಾದಷ್ಟು ಇದ್ದರೂ ಊರಿನ ಗ್ರಂಥಾಲಯದಿಂದ ಜನರು ಒಯ್ಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆ ನಿಧಾನವಾಗಿತ್ತು. ಬೀದಿಯಲ್ಲಿ ಹೋಗುತ್ತ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಅನೇಕರು ಕೈಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆಯಿಂದ ಏನು ಮಾಡಿದಿರಿ ಎಂದು ಕೇಳಿದರೆ ಏಳುವುದು, ಉಣ್ಣುವುದು, ಮಲಗುವುದು ಇವಿಷ್ಟರ ಹೊರತು ಹೇಳಲು ಅವರಿಗೆ ತೋಚುತ್ತಿರಲಿಲ್ಲ. ಹೆಂಗಸರು ಮಾತ್ರ ಚುರುಕಾಗಿ ನಡೆಯುತ್ತಿದ್ದರು, ಏಕೆಂದರೆ ಅವರಿಗೆ ಒಲೆ, ಮಕ್ಕಳು, ಬಟ್ಟೆ ಇವುಗಳ ಕೆಲಸ ನಿಂತಿರಲಿಲ್ಲ.

ಯಹೋಡ ಅವರು ಮುಂದೆ ಇದರ ಸಾರವನ್ನು ಐದು ಅಂಶಗಳಲ್ಲಿ ಹೇಳಿದರು. ಕೆಲಸವು ಸಂಬಳವನ್ನಲ್ಲದೆ ದಿನಕ್ಕೊಂದು ವೇಳಾಕ್ರಮವನ್ನು, ಮನೆಯ ಹೊರಗಿನ ಜನರ ಒಡನಾಟವನ್ನು, ಹಲವರೊಡನೆ ಕೂಡಿ ಸಾಧಿಸುವ ಗುರಿಯನ್ನು, ಸಮಾಜದಲ್ಲಿ ಒಂದು ಸ್ಥಾನವನ್ನು, ಕೈಕಾಲುಗಳಿಗೆ ನಿತ್ಯದ ಚಟುವಟಿಕೆಯನ್ನು ಕೊಡುತ್ತದೆ. ನೌಕರಿ ಹೋದಾಗ ಈ ಐದೂ ಒಂದೇ ದಿನ ಹೋಗುತ್ತವೆ. ಸಂಬಳವನ್ನು ಮರಳಿ ಪಡೆಯುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಈ ಐದನ್ನು ಮಾತ್ರ ಬಹುಮಟ್ಟಿಗೆ ನಾವೇ, ನಾಳೆಯಿಂದಲೇ, ಮರಳಿ ಕಟ್ಟಿಕೊಳ್ಳಬಹುದು.

ನೌಕರಿ ಬೇರೆ, ಕಾಯಕ ಬೇರೆ

ಕಾಯಕವನ್ನು ಕೈಲಾಸವೆಂದು ಬಗೆದ ಪರಂಪರೆಯಲ್ಲಿ ಬೆಳೆದವರಿಗೆ ನೌಕರಿ ಹೋದಾಗ ಒಂದು ಹೆಚ್ಚಿನ ನೋವು ಕಾಡುವುದುಂಟು. ದುಡಿಯದೆ ಉಣ್ಣುತ್ತಿದ್ದೇನೆ, ಧರ್ಮಕ್ಕೆ ತಪ್ಪಿದೆ ಎಂಬ ಭಾವ ಅದು. ಇದನ್ನು ಸ್ಪಷ್ಟವಾಗಿ ತಿಳಿಯಬೇಕು. ನೌಕರಿಯೆಂಬುದು ಇನ್ನೊಬ್ಬರೊಡನೆ ಮಾಡಿಕೊಂಡ ಒಪ್ಪಂದ; ಅದನ್ನು ಅವರು ಮುರಿಯಬಲ್ಲರು. ಕಾಯಕವೆಂಬುದು ಶ್ರದ್ಧೆಯಿಂದ ದುಡಿಯುವ ಮನೋಧರ್ಮ. ಅದನ್ನು ಯಾವ ಪತ್ರವೂ ರದ್ದುಮಾಡಲಾರದು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ; ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವರ ಕಾಯಕವಾಗಿತ್ತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಕಡೆಗೆ ಆ ಪದವಿಯನ್ನೂ ಕಲ್ಯಾಣವನ್ನೂ ತೊರೆದು ಕೂಡಲಸಂಗಮಕ್ಕೆ ನಡೆದರು. ಅವರನ್ನು ಮಾಜಿ ಭಂಡಾರಿಯೆಂದು ಇಂದು ಯಾರೂ ನೆನೆಯುವುದಿಲ್ಲ. ಪದವಿ ಕಳಚಿದ ಮೇಲೆಯೂ ವ್ಯಕ್ತಿಯ ಬೆಲೆ ಉಳಿಯುತ್ತದೆ. ಇಂಥ ದಿನಗಳಲ್ಲಿ ಮನಸ್ಸಿಗೆ ಬೇಕಾದ ಭರವಸೆ ಇದು. ಅಳು ಬಂದಾಗಲೂ ನಗುತ್ತಿರಬೇಕೆಂಬ ಒತ್ತಾಯಕ್ಕೆ ಭರವಸೆಯೆಂಬ ಹೆಸರು ಸಲ್ಲದು. ಕೆಲವು ದಿನ ದುಃಖವಾಗುವುದು ಸಹಜ. ಅದನ್ನು ಬಲವಂತದಿಂದ ಅದುಮಬೇಕಾಗಿಲ್ಲ.

ದಿನವನ್ನು ಕಟ್ಟುವ ಕ್ರಮ

ಮೊದಲನೆಯದು, ಏಳುವ ವೇಳೆ. ಕೆಲಸವಿದ್ದಾಗ ಎಷ್ಟು ಗಂಟೆಗೆ ಏಳುತ್ತಿದ್ದೆವೋ ಅಷ್ಟಕ್ಕೇ ಏಳಬೇಕು. ರಾತ್ರಿ ನಿದ್ರೆ ಬಾರದಿದ್ದರೂ ಬೆಳಗಿನ ವೇಳೆಯನ್ನು ಬದಲಾಯಿಸಬಾರದು, ಹಗಲಿನಲ್ಲಿ ದೀರ್ಘವಾಗಿ ಮಲಗಬಾರದು. ಹೀಗೆ ಮಾಡಿದರೆ ಕೆಲವು ದಿನಗಳಲ್ಲಿ ನಿದ್ರೆ ತಾನಾಗಿ ತನ್ನ ಹಾದಿಗೆ ಬರುತ್ತದೆ. ಸ್ನಾನ, ಇಷ್ಟಲಿಂಗ ಪೂಜೆ, ಶುಭ್ರವಾದ ಉಡುಪು ಇವು ಎಂದಿನ ಹೊತ್ತಿಗೆ ನಡೆಯಲಿ. ನಿತ್ಯ ಪೂಜೆಯುಳ್ಳವರಿಗೆ ದಿನದ ಮೊದಲ ಗಂಟೆ ಆಗಲೇ ಕ್ರಮಬದ್ಧವಾಗಿದೆ ಎಂಬುದು ಸಣ್ಣ ಲಾಭವಲ್ಲ.

ಎರಡನೆಯದು, ನಡಿಗೆ. ಲಾಲ್‌ಬಾಗ್, ಬ್ಯೂಗಲ್ ರಾಕ್, ಕೃಷ್ಣರಾವ್ ಪಾರ್ಕು, ಸ್ಯಾಂಕಿ ಕೆರೆಯ ದಂಡೆ ಇವೆಲ್ಲ ನಮಗೆ ಹತ್ತಿರವಿವೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದರೆ ರಕ್ತದೊತ್ತಡಕ್ಕೂ ಸಕ್ಕರೆಯ ಪ್ರಮಾಣಕ್ಕೂ ನಿದ್ರೆಗೂ ಒಳ್ಳೆಯದು. ಚಿಂತೆಯಲ್ಲಿ ಸಿಲುಕಿದ ದೇಹದಲ್ಲಿ ಒತ್ತಡದ ರಸಗಳು ಹೆಚ್ಚಾಗಿ ಎದೆ ಬಡಿತ, ಕತ್ತು-ಭುಜಗಳ ಬಿಗಿತ, ಹೊಟ್ಟೆಯ ಉರಿ ಕಾಣಿಸುತ್ತವೆ. ಇವುಗಳಿಗೂ ನಡಿಗೆಯಿಂದ ಉಪಶಮನ ಉಂಟು. ಆದರೆ ಎದೆನೋವು ಬಂದರೆ ಚಿಂತೆಯಿಂದಲೇ ಇರಬೇಕೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು, ಕೆಲಸ ಹುಡುಕುವುದಕ್ಕೆ ನಿಗದಿಯಾದ ಹೊತ್ತು. ಬೆಳಿಗ್ಗೆ ಎರಡು ಮೂರು ಗಂಟೆ ಅರ್ಜಿ, ದೂರವಾಣಿ, ಭೇಟಿಗಳಿಗೆ ಮೀಸಲಾಗಿರಲಿ. ಅನಂತರ ಅದನ್ನು ಮುಚ್ಚಿಡಬೇಕು. ದಿನವಿಡೀ ಮೊಬೈಲನ್ನು ನೋಡುತ್ತ ಉತ್ತರಕ್ಕೆ ಕಾಯುವುದು ದುಡಿಮೆಗಿಂತ ಹೆಚ್ಚು ದಣಿಸುತ್ತದೆ.

ನಾಲ್ಕನೆಯದು, ಹೊರಗೆ ಹೋಗಿ ಕುಳಿತುಕೊಳ್ಳಲು ಒಂದು ಸ್ಥಳ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ಗ್ರಂಥಾಲಯವಿದೆ. ಸರ್ಕಾರಿ ಗ್ರಂಥಾಲಯಗಳು ಬಡಾವಣೆಗಳಲ್ಲಿವೆ. ಮಠದಲ್ಲಿ ದಾಸೋಹದ ಸೇವೆಯಿದೆ, ಮಕ್ಕಳಿಗೆ ಪಾಠ ಹೇಳುವ ಕೆಲಸವಿದೆ. ವಾರದಲ್ಲಿ ಎರಡು ದಿನವಾದರೂ ಇನ್ನೊಬ್ಬರಿಗೆ ನೆರವಾಗುವ ಕೆಲಸ ಮಾಡಿದರೆ, ನನ್ನಿಂದ ಯಾರಿಗೂ ಪ್ರಯೋಜನವಿಲ್ಲವೆಂಬ ಭಾವ ಬಹುಪಾಲು ಕರಗುತ್ತದೆ.

ಐದನೆಯದು, ಬರೆಯುವುದು. ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ವೃತ್ತಿಪರರ ಮೇಲೆ ನಡೆದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಕೆಲಸ ಹೋದುದರ ಬಗ್ಗೆ ತಮ್ಮ ಮನಸ್ಸಿನಲ್ಲಿದ್ದುದನ್ನೆಲ್ಲ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷದಂತೆ ಬರೆದವರಿಗೆ, ಹಾಗೆ ಬರೆಯದವರಿಗಿಂತ ಬೇಗ ಕೆಲಸ ದೊರೆಯಿತು. ಅವರು ಹೆಚ್ಚು ಅರ್ಜಿಗಳನ್ನೇನೂ ಹಾಕಿರಲಿಲ್ಲ. ಸಿಟ್ಟನ್ನು ಕಾಗದಕ್ಕೆ ಇಳಿಸಿದ್ದರಿಂದ ಸಂದರ್ಶನಕ್ಕೆ ಅದನ್ನು ಹೊತ್ತು ಹೋಗಲಿಲ್ಲವೆಂದು ಊಹಿಸಬಹುದು. ಒಂದು ನೋಟ್‌ಬುಕ್ ಇದಕ್ಕೆ ಸಾಕು.

ಮನೆಯವರು ಅರಿಯಬೇಕಾದದ್ದು

ಕೆಲಸ ಹೋದುದನ್ನು ಮನೆಯಲ್ಲಿ ಹೇಳದೆ ಎಂದಿನಂತೆ ಬುತ್ತಿ ಹಿಡಿದು ಹೊರಟು, ಉದ್ಯಾನದ ಬೆಂಚಿನಲ್ಲಿ ಸಂಜೆಯವರೆಗೆ ಕುಳಿತು ಹಿಂದಿರುಗುವವರಿದ್ದಾರೆ. ಇದರಷ್ಟು ಆರೋಗ್ಯವನ್ನು ತಿನ್ನುವ ಗುಟ್ಟು ಬೇರೊಂದಿಲ್ಲ. ಮೊದಲ ವಾರದಲ್ಲಿಯೇ ಗಂಡ ಹೆಂಡಿರು ಒಟ್ಟಿಗೆ ಕುಳಿತು ಸಾಲ, ಬಾಡಿಗೆ, ಶಾಲೆಯ ಫೀಸು, ಔಷಧಿ ಎಲ್ಲವನ್ನೂ ಬರೆದು ನೋಡಬೇಕು. ಕತ್ತಲಲ್ಲಿ ಕಂಡ ಹೊರೆ ಬೆಳಕಿನಲ್ಲಿ ತುಸು ಚಿಕ್ಕದಾಗಿ ಕಾಣುತ್ತದೆ. ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಂತೆ ಹೇಳಬೇಕು. ಮನೆಯ ಮೌನವನ್ನು ಅವರು ತಮ್ಮ ತಪ್ಪಿನಿಂದ ಬಂದದ್ದೆಂದು ತಿಳಿಯುವ ಅಪಾಯವಿದೆ.

ಮನೆಯವರು ದಿನವೂ ‘ಏನಾಯಿತು, ಎಲ್ಲಾದರೂ ಸಿಕ್ಕಿತೇ’ ಎಂದು ಕೇಳದಿರಲಿ. ನೆರೆಮನೆಯವರೊಡನೆ, ಬೀಗರೊಡನೆ ಹೋಲಿಸಿ ಮಾತನಾಡದಿರಲಿ. ಕೆಲಸ ಹೋದದ್ದು ಸೊಸೆಗೋ ಮಗಳಿಗೋ ಆದರೆ, ಹೇಗೂ ಮನೆಯಲ್ಲಿರುವಳೆಂದು ಅಡುಗೆಮನೆಯ ಪೂರ್ಣ ಭಾರವನ್ನು ಅವಳ ಮೇಲೆ ಹಾಕದಿರಲಿ. ಅವಳಿಗೂ ಕೆಲಸ ಹುಡುಕಲು ಹೊತ್ತು ಬೇಕು, ಅವಳ ನಷ್ಟವೂ ನಷ್ಟವೇ.

ಆಹಾರ, ಔಷಧಿ, ವಿಮೆ

ಹಣ ಉಳಿಸಲೆಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯಿಡ್ ಮಾತ್ರೆಗಳನ್ನು ನಿಲ್ಲಿಸುವುದು ಅಪಾಯಕರ. ವೈದ್ಯರಿಗೆ ಪರಿಸ್ಥಿತಿಯನ್ನು ತಿಳಿಸಿದರೆ ಅದೇ ಔಷಧಿಯನ್ನು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳುವ ದಾರಿ ತೋರಿಸುವರು. ಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು, ಮಜ್ಜಿಗೆ ಇವು ದುಬಾರಿಯಲ್ಲ; ಊಟ ಬಿಡುವುದು, ಕಾಫಿಯಿಂದಲೇ ಹಗಲು ಕಳೆಯುವುದು ಸಲ್ಲದು. ಮದ್ಯ, ತಂಬಾಕುಗಳು ಇಂಥ ಹೊತ್ತಿನಲ್ಲಿಯೇ ಮನೆ ಹೊಕ್ಕುತ್ತವೆ. ಕುಡಿತದಿಂದ ಬಂದ ನಿದ್ರೆ ನಡುರಾತ್ರಿಯಲ್ಲಿ ಒಡೆಯುತ್ತದೆ, ಮರುದಿನದ ಖಿನ್ನತೆ ಇಮ್ಮಡಿಯಾಗುತ್ತದೆ.

ಕಂಪನಿಯು ಕೊಡಿಸಿದ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಅದನ್ನು ವೈಯಕ್ತಿಕ ವಿಮೆಯಾಗಿ ಬದಲಾಯಿಸಿಕೊಳ್ಳಬಹುದೇ ಎಂದು ಕೊನೆಯ ದಿನಕ್ಕೆ ಮೊದಲೇ ವಿಚಾರಿಸಬೇಕು. ಇ.ಎಸ್.ಐ. ಸೌಲಭ್ಯವಿದ್ದ ಕಾರ್ಮಿಕರಿಗೆ ಕೆಲಸ ಹೋದಾಗ ಕೆಲವು ಕಾಲ ನಗದು ನೆರವು ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಆರಂಭವಾಯಿತು; ಸದ್ಯದ ನಿಯಮಗಳನ್ನು ಇ.ಎಸ್.ಐ. ಶಾಖಾ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಭವಿಷ್ಯನಿಧಿ, ಗ್ರಾಚ್ಯುಟಿ, ಬಾಕಿ ಸಂಬಳ ಇವುಗಳ ಕಾಗದಪತ್ರಗಳನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. ಅದು ದುಡಿದು ಗಳಿಸಿದ ಹಕ್ಕು.

ವೈದ್ಯರ ನೆರವು ಯಾವಾಗ?

ಎರಡು ವಾರಗಳಿಗಿಂತ ಹೆಚ್ಚು ಕಾಲ ನಿತ್ಯವೂ ಮನಸ್ಸು ಕುಗ್ಗಿದ್ದರೆ, ನಿದ್ರೆ ಹಸಿವುಗಳು ಕೆಟ್ಟಿದ್ದರೆ, ಇಷ್ಟವಾದ ವಿಷಯಗಳಲ್ಲಿಯೂ ಆಸಕ್ತಿ ಹೋಗಿದ್ದರೆ ಅದು ಸೋಮಾರಿತನವಲ್ಲ, ದುರ್ಬಲತೆಯೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬಂಥ ಮಾತು ಬಂದರೆ ಎರಡು ವಾರ ಕಾಯಬಾರದು. ಅಂಥವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಿನಲ್ಲಿಯೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಮನೆಯಲ್ಲಿಯೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೆಲಸ ಸಿಗಲು ಒಂದು ತಿಂಗಳಾಗಬಹುದು, ಒಂದು ವರ್ಷವೂ ಆಗಬಹುದು. ಹಿಂದಿನ ಸಂಬಳಕ್ಕಿಂತ ಕಡಿಮೆಯದೇ ಮೊದಲು ದೊರೆಯಬಹುದು. ಆ ದಿನ ಬಂದಾಗ ಅದನ್ನು ಹಿಡಿದು ನಡೆಸಲು ಸ್ವಸ್ಥವಾದ ದೇಹ, ಎಚ್ಚರವಾದ ಮನಸ್ಸು, ಒಡೆಯದ ಮನೆ ಬೇಕು. ಈ ಮೂರನ್ನು ಕಾಪಾಡುವುದೇ ನೌಕರಿಯಿಲ್ಲದ ದಿನಗಳ ಕಾಯಕ. ನಮ್ಮ ಬೀದಿಯಲ್ಲಿ, ನಮ್ಮ ನೆಂಟರಲ್ಲಿ ಇಂಥ ಸ್ಥಿತಿಯಲ್ಲಿರುವವರು ಇದ್ದರೆ ಈ ವಾರವೇ ಅವರ ಮನೆಗೆ ಹೋಗಿ ಅರ್ಧ ಗಂಟೆ ಕುಳಿತು ಬರೋಣ. ಉಪದೇಶ ಹೇಳಬೇಕಾಗಿಲ್ಲ, ಜೊತೆಯಲ್ಲಿ ಒಂದು ಸುತ್ತು ನಡೆದು ಬಂದರೂ ಅದು ದಾಸೋಹವೇ.